ಮೂರು ಆಯೇರಿ, ಒಂದು ಕಂಪ್ಯೂಟರ್

ನಮ್ಮ ಓಣಿಯ ನಿಜಲಿಂಗಪ್ಪನ ಮನೆಗೆ ಕಂಪ್ಯೂಟರ್ ಬಂದದ್ದು ಸಣ್ಣ ಸುದ್ದಿ. ಅದನ್ನು ದೊಡ್ಡದು ಮಾಡಿದ್ದು ನಿಜಲಿಂಗಪ್ಪ. ಗಜೇಂದ್ರಗಡದಲ್ಲಿ ಈಗ ಕಂಪ್ಯೂಟರ್ ನೋಡದವರು ಯಾರಿದ್ದಾರೆ? ಆದರೂ ಅದು ಬಂದ ದಿನ ಅವನು ಟಂಟಂ ಗಾಡಿಯ ಮುಂದೆ ಮುಂದೆ ನಡೆಯುತ್ತ, ಹುಡುಗರನ್ನೂ ನಾಯಿಗಳನ್ನೂ ಬದಿಗೆ ಸರಿಸುತ್ತ ಓಣಿಯೊಳಗೆ ಕರೆತಂದ. ನಾನು ಎದುರುಮನೆಯವನು, ಕಟ್ಟೆಯ ಮೇಲೆ ಕೂತೇ ಎಲ್ಲ ನೋಡಿದೆ. ಆ ಮನೆಯಲ್ಲಿ ನನಗೆ ತಿಳಿಯದೆ ಏನಾದರೂ ನಡೆಯುವುದು ಕಷ್ಟ. ನಡೆದರೂ ನಿಜಲಿಂಗಪ್ಪನೇ ಬಂದು ಹೇಳುತ್ತಾನೆ.

ಮನೆಯ ದುಡಿಮೆ ಅವನ ಹೆಂಡತಿ ವೀರವ್ವನದು. ಅವಳು ನೇಯುವ ಪಟ್ಟೇದಂಚಿನ ಸೀರೆಗೆ ಊರಲ್ಲಿ ಹೆಸರಿದೆ. ಡಿಗ್ರಿ ಮುಗಿಸಿದ ಮಗಳು ಬನಶ್ರೀ ಅಂಚಿಗೂ ಸೆರಗಿಗೂ ಹೊಸ ನಮೂನೆ ಬರೆಯುತ್ತಾಳೆ. ಕಾಗದದ ಮೇಲೆ ಬರೆದು ಅಳಿಸಿ ಸಾಕಾಗಿ, ಕಂಪ್ಯೂಟರ್ ಬೇಕೆಂದು ಹಟ ಹಿಡಿದವಳು ಅವಳೇ. ನಿಜಲಿಂಗಪ್ಪನ ಪಾಲಿನ ಕೆಲಸವೆಂದರೆ ನೂಲು ತರುವುದು, ಸೀರೆಗಳನ್ನು ಅಂಗಡಿಗೆ ಮುಟ್ಟಿಸುವುದು, ಉಳಿದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ದೇಶದ ವ್ಯವಹಾರ ಸರಿಪಡಿಸುವುದು.

ಆ ಚಹಾದಂಗಡಿಯಲ್ಲೇ ಯಾರೋ ಅವನ ಕಿವಿಗೆ ಒಂದು ಮಾತು ಹಾಕಿದರು. ಕಂಪ್ಯೂಟರಿಗೆ ವೈರಸ್ ಎಂಬುದು ಬರುತ್ತದೆ, ಒಳಗಿದ್ದದ್ದನ್ನೆಲ್ಲ ಕದ್ದುಕೊಂಡು ಹೋಗುತ್ತದೆ. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಿಜಲಿಂಗಪ್ಪನಿಗೆ ಹೆಮ್ಮೆಯಾಯಿತು. ಕಳ್ಳ ಬರಬೇಕಾದರೆ ಮನೆಯಲ್ಲಿ ಏನಾದರೂ ಇರಬೇಕಲ್ಲ.

"ಸುಮ್ಮ ಸುಮ್ಮನ ಯಾರ ಮನಿಗೂ ಕಳ್ಳರು ಬರೂದಿಲ್ಲರಿ" ಎಂದು ಮರುದಿನದಿಂದ ಸಿಕ್ಕಸಿಕ್ಕವರಿಗೆ ಹೇಳತೊಡಗಿದ. "ನಮ್ಮ ಬನಶ್ರೀ ಬರದ ಅಂಚಿನ ಸುದ್ದಿ ಪರದೇಶದ ತನಕ ಹೋಗೇತಿ. ಅಲ್ಲಿ ಕುಂತು ಕದಿಯಾಕ ನೋಡಾಕತ್ತಾರ."

ಆ ಹೊತ್ತಿಗೆ ಬನಶ್ರೀ ಕಂಪ್ಯೂಟರಿನಲ್ಲಿ ಒಂದು ಅಂಚನ್ನೂ ಬರೆದಿರಲಿಲ್ಲ. ಇನ್ನೂ ನೆಟ್ಟಗಿನ ಗೆರೆ ಎಳೆಯುವುದನ್ನು ಕಲಿಯುತ್ತಿದ್ದಳು.

ಖಂಡೇನವಮಿಯ ದಿನ ಮಗ್ಗದ ಜೊತೆ ಕಂಪ್ಯೂಟರಿಗೂ ಪೂಜೆ ಎಂದು ನಿಜಲಿಂಗಪ್ಪ ಬೇಕಾದವರನ್ನೆಲ್ಲ ಊಟಕ್ಕೆ ಕರೆದ. ಬರುವಾಗ ಆಯೇರಿ ತರಬೇಡಿ ಎಂದ. ನಮ್ಮ ಕಡೆ ಕರೆಯುವವರು ಹಾಗೆ ಹೇಳುವುದು ಮರ್ಯಾದೆ, ಬರುವವರು ಅದನ್ನು ಕೇಳಿಸಿಕೊಳ್ಳದಿರುವುದೂ ಮರ್ಯಾದೆ. ಆಯೇರಿ ಅಂದರೆ ಬರೀ ಕೊಟ್ಟು ಹೋಗುವ ಉಡುಗೊರೆಯಲ್ಲ. ಟವೆಲ್ಲು ಕೊಟ್ಟರೆ ಅದು ಕೊಟ್ಟವರ ಕಣ್ಣೆದುರೇ ಹೆಗಲ ಮೇಲೆ ಬೀಳಬೇಕು, ಸೀರೆ ಕೊಟ್ಟರೆ ಒಮ್ಮೆಯಾದರೂ ಉಟ್ಟು ತೋರಿಸಬೇಕು. ಮಡಚಿ ಒಳಗಿಟ್ಟರೆ ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ.

ಆ ದಿನ ಬಂದವರಲ್ಲಿ ಮುಖ್ಯರು ಮೂವರು. ಮೊದಲನೆಯವನು ಅಬ್ಬಿಗೇರಿಯ ಮುತ್ತಣ್ಣ, ವೀರವ್ವನ ಅಣ್ಣ. ಎರೆಹೊಲದ ಒಕ್ಕಲಿಗ, ಮನಸ್ಸು ಬೆಣ್ಣೆ, ಸಿಟ್ಟು ಮೂಗಿನ ತುದಿಯಲ್ಲಿ. ಯಾರದೋ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕೂಡಿಸಿದರೆಂದು ಉಣ್ಣದೆ ನಡೆದುಕೊಂಡೇ ಊರು ಸೇರಿದವನು. ಎರಡನೆಯವನು ನರೇಗಲ್ಲಿನ ಕಾಳುಕಡಿ ವ್ಯಾಪಾರಿ ಉಡಚಪ್ಪ. ಇವನ ಮಗ ಶರತ ಸಾಲಿ ಮಾಸ್ತರ. ಶರತನಿಗೆ ಬನಶ್ರೀಯನ್ನು ಕೊಡುವುದೆಂದು ಮಾತಾಗಿತ್ತು, ದೀಪಾವಳಿ ಕಳೆದ ಮೇಲೆ ಎಲೆ ಅಡಿಕೆ ಹಿಡಿದು ನಿಶ್ಚಯ ಮಾಡುವುದಷ್ಟೇ ಬಾಕಿ. ಬನಶ್ರೀಗೆ ಈ ಹುಡುಗನೇ ಬೇಕಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೀಗಾಗಿ ಇಡೀ ಓಣಿಗೆ ಗೊತ್ತಿತ್ತು. ಮೂರನೆಯವನು ಜಾಕೀರ, ಬಸ್‌ಸ್ಟ್ಯಾಂಡಿನ ಬದಿಗೆ ಝೆರಾಕ್ಸ್ ಅಂಗಡಿ ಇಟ್ಟವನು, ನಿಜಲಿಂಗಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಒಂದೇ ಲೆಕ್ಕ ತಪ್ಪು ಮಾಡಿ ಹೊಡೆಸಿಕೊಂಡ ಗೆಳೆಯ.

ಪೂಜೆ ಮುಗಿಯಿತು. ಮುತ್ತಣ್ಣ ಎದ್ದು, ಗದಗಿನಿಂದ ತಂದಿದ್ದ ಒಂದು ಡಬ್ಬಿಯನ್ನು ತಂಗಿಯ ಗಂಡನ ಕೈಗೆ ಕೊಟ್ಟ. ಡಬ್ಬಿಯ ಮೇಲೆ ಕೆಂಪು ಢಾಲಿನ ಚಿತ್ರ. ಪರದೇಶದ ಕಳ್ಳರ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ವೈರಸ್ ಹಿಡಿಯುವ ಪ್ರೋಗ್ರಾಂ ಇದು, ಅಂಗಡಿಯಲ್ಲಿದ್ದದ್ದರಲ್ಲಿ ಭಾರಿಯದು ಎಂದ. ಉಡಚಪ್ಪನ ಮುಖ ಸಣ್ಣದಾಯಿತು. ಯಾಕೆಂದರೆ ಅವನ ಚೀಲದಿಂದಲೂ ಅಂಥದೇ ಡಬ್ಬಿ ಹೊರಬಂತು, ಇದರ ಮೇಲೆ ನೀಲಿ ಕೀಲಿಯ ಚಿತ್ರ. ಇದು ಅದಕ್ಕಿಂತ ಭಾರಿಯದು ಎಂದ. ಇಬ್ಬರನ್ನೂ ನೋಡಿ ಜಾಕೀರ ತಲೆ ಕೆರೆದುಕೊಂಡ. ಅವನು ತಂದದ್ದೂ ಅದನ್ನೇ. ದುಡ್ಡು ಕೊಡದೆ ಪುಕಟ ಇಳಿಸಿಕೊಂಡದ್ದಕ್ಕೆ ಡಬ್ಬಿಯಿರಲಿಲ್ಲವಾದ್ದರಿಂದ ಪೆನ್ ಡ್ರೈವನ್ನೇ ಜರಿ ಕಾಗದದಲ್ಲಿ ಸುತ್ತಿ ತಂದಿದ್ದ. ಅದರ ಗುರುತು ಹಸಿರು ಕಣ್ಣು.

ಹಾಕಿಕೊಡುವ ಕೆಲಸ ಶರತನಿಗೆ ಬಂತು. ಅವನು ಮೂರನ್ನೂ ನೋಡಿ, ಮಾವನಾಗುವವನ ಬಳಿ ಮೆಲ್ಲಗೆ ಹೇಳಿದ: "ಇಂಥಾವು ಒಂದ ಹಾಕೂದ್ರಿ. ಎಲ್ಲಾ ಕೂಡಿಸಿ ಹಾಕಿದ್ರ ಒಂದಕ್ಕೊಂದು ಜಗಳಾ ಮಾಡ್ತಾವ."

ಉಡಚಪ್ಪ ಕೆಮ್ಮಿದ. ಮುತ್ತಣ್ಣ ಮೀಸೆಗೆ ಕೈ ಹಾಕಿದ. ಜಾಕೀರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. ನಿಜಲಿಂಗಪ್ಪನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ.

"ಮಾಸ್ತರ, ಒಬ್ಬನ್ನ ಕಣಾ ಕಾಯಾಕ ಹಚ್ಚಿದ್ರ ನಿದ್ದಿ ಹೋಗ್ತಾನ. ಮೂರು ಮಂದಿ ಇದ್ರ ಒಬ್ಬರನ್ನೊಬ್ಬರು ಎಬ್ಬಿಸ್ತಾರ. ಹಾಕ್ರಿ, ಮೂರೂ ಹಾಕ್ರಿ."

ಮೂವರ ಕಣ್ಣೆದುರೇ ಮೂರೂ ಒಳಗೆ ಹೋದವು. ಪರದೆಯ ಕೆಳಗಿನ ಮೂಲೆಯಲ್ಲಿ ಕೆಂಪು ಢಾಲು, ನೀಲಿ ಕೀಲಿ, ಹಸಿರು ಕಣ್ಣು ಸಾಲಾಗಿ ನಿಂತವು. ಎಲ್ಲರೂ ತಮ್ಮ ತಮ್ಮದನ್ನು ಬೊಟ್ಟು ಮಾಡಿ ಗುರುತಿಸಿ, ಸಮಾಧಾನದಿಂದ ಹೋಳಿಗೆ ಉಂಡರು. ಶರತ ಉಣ್ಣುವಾಗ ಏನೋ ಹೇಳಲು ಬಾಯಿ ತೆರೆದ. ಬಡಿಸುತ್ತಿದ್ದ ಬನಶ್ರೀ ತುಪ್ಪದ ಮಿಳ್ಳೆ ಹಿಡಿದು ಎದುರಿಗೆ ನಿಂತಿದ್ದರಿಂದ ಹೇಳುವುದು ಮರೆತುಹೋಯಿತು.

ಮರುದಿನ ಬನ್ನಿ ಕೊಟ್ಟು ಬಂದು ನಿಜಲಿಂಗಪ್ಪ ಕಂಪ್ಯೂಟರ್ ಚಾಲೂ ಮಾಡಿದ. ಗುಂಡಿ ಒತ್ತಿ, ಕೈಕಾಲು ತೊಳೆದು, ಚಹಾ ಕುಡಿದು ಬಂದರೂ ಪರದೆಯ ಮೇಲೆ ಬಿಳಿ ಚಕ್ರವೊಂದು ತಿರುಗುತ್ತಲೇ ಇತ್ತು. ಕಾವಲುಗಾರರು ಮೂವರೂ ಒಳಗಿದ್ದದ್ದನ್ನೆಲ್ಲ ಒಬ್ಬರಾದ ಮೇಲೊಬ್ಬರು ತಪಾಸಣೆ ಮಾಡುತ್ತಿದ್ದರು. ಒಬ್ಬ ನೋಡಿ ಬಿಟ್ಟದ್ದನ್ನು ಇನ್ನೊಬ್ಬ ಹಿಡಿಯುತ್ತಿದ್ದ, ಅವನು ಹಿಡಿದದ್ದನ್ನು ಮತ್ತೊಬ್ಬ ಸಂಶಯದಿಂದ ನೋಡುತ್ತಿದ್ದ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸಪ್ಪಳ ಮಾಡತೊಡಗಿತು. ಇದನ್ನು ಕೇಳಿ ನಿಜಲಿಂಗಪ್ಪನಿಗೆ ಬಹಳ ಸಂತೋಷವಾಯಿತು. ಕೆಲಸ ಜೋರಾಗಿ ನಡೆದಿದೆ ಎಂದು ನನ್ನನ್ನು ಕರೆದು ಕೇಳಿಸಿದ.

ಆಮೇಲೆ ಕೆಂಪು ಚೌಕಗಳು ಬರತೊಡಗಿದವು. ಪರದೆಯ ನಡುವೆ ಧುತ್ತೆಂದು ಒಂದು ಪಾಟಿ ಎದ್ದು ನಿಲ್ಲುತ್ತಿತ್ತು, ಅದರ ತುಂಬ ಇಂಗ್ಲಿಷು. ಬನಶ್ರೀ ಓದಿ ಹೇಳಿದಳು: ಈ ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಂ ಅನುಮಾನ ಬರುವ ಹಾಗೆ ನಡೆದುಕೊಳ್ಳುತ್ತಿದೆ, ಎಲ್ಲವನ್ನೂ ಇಣುಕಿ ನೋಡುತ್ತಿದೆ, ಹಿಡಿದು ಕೂಡಿಹಾಕಲೇ? ಹೇಳುತ್ತಿದ್ದದ್ದು ನೀಲಿ ಕೀಲಿ. ಅದರ ಅನುಮಾನ ಕೆಂಪು ಢಾಲಿನ ಮೇಲೆ. ಅದನ್ನು ಮುಚ್ಚಿದರೆ ಕೆಂಪು ಢಾಲು ಎದ್ದು ಹಸಿರು ಕಣ್ಣಿನ ಮೇಲೆ ದೂರು ಹೇಳುತ್ತಿತ್ತು. ಹಸಿರು ಕಣ್ಣು ಪುಕಟ ಬಂದದ್ದಾದರೂ ಸುಮ್ಮನಿರದೆ ಉಳಿದಿಬ್ಬರನ್ನೂ ಹಿಡಿಯಲು ನೋಡುತ್ತಿತ್ತು.

ಸರಿಮಾಡಲು ಶರತ ರವಿವಾರ ರವಿವಾರ ನರೇಗಲ್ಲಿನಿಂದ ಬರತೊಡಗಿದ. ಅವನೂ ಬನಶ್ರೀಯೂ ಕಂಪ್ಯೂಟರಿನ ಮುಂದೆ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು, ಮಗ್ಗದಲ್ಲಿ ವೀರವ್ವ ಇರುತ್ತಿದ್ದಳು, ಎದುರಿಗೆ ಕಟ್ಟೆಯ ಮೇಲೆ ನಾನಿರುತ್ತಿದ್ದೆ, ಯಾವ ಅನುಚಿತವೂ ಇಲ್ಲ. ಅವನು ಕೈ ಹಚ್ಚಿದ ದಿನ ಕಂಪ್ಯೂಟರ್ ಚಲೋ ನಡೆಯುತ್ತಿತ್ತು. ಮುಂದಿನ ರವಿವಾರದ ಹೊತ್ತಿಗೆ ಮತ್ತೆ ಗಿರಣಿ ಶುರುವಾಗಿರುತ್ತಿತ್ತು. ಮಾಸ್ತರಿಕೆ ಮಾಡುವವನು ಒಂದು ಯಂತ್ರವನ್ನು ಇಷ್ಟು ಸಲ ರಿಪೇರಿ ಮಾಡಿಯೂ ಪೂರ್ತಿ ರಿಪೇರಿ ಮಾಡದಿರುವುದು ನನಗೆ ಸೋಜಿಗ. ನಿಜಲಿಂಗಪ್ಪನಿಗೆ ಅದರಲ್ಲಿ ಕಂಡದ್ದು ಹುಡುಗನ ತಾಳ್ಮೆ.

ಹೀಗೇ ನಡೆದಿದ್ದರೆ ನಡೆದುಹೋಗುತ್ತಿತ್ತು. ಆದರೆ ದೀಪಾವಳಿ ಹತ್ತಿರ ಬಂದಾಗ ಮುತ್ತಣ್ಣ ತಂಗಿಗೆ ಶೇಂಗಾ ಚೀಲ ಕೊಡಲು ಬಂದ. ತನ್ನ ಆಯೇರಿ ಹ್ಯಾಂಗಿದೆ ಎಂದು ನೋಡಲು ಕಂಪ್ಯೂಟರಿನ ಮುಂದೆ ಕೂತ. ಅದೇ ಗಳಿಗೆಗೆ ಕೆಂಪು ಚೌಕ ಎದ್ದಿತು. ಏನದು ಎಂದು ಕೇಳಿದ. ಬನಶ್ರೀ ಏನೂ ಇಲ್ಲ ಮಾವ ಎಂದು ಮುಚ್ಚಲು ಹೋದಳು. ಅಷ್ಟರಲ್ಲಿ ನಿಜಲಿಂಗಪ್ಪ ನಗುನಗುತ್ತ ವಿವರವಾಗಿ ಹೇಳಿಬಿಟ್ಟ. ಬೀಗರು ಕೊಟ್ಟದ್ದು ಬಹಳ ಚುರುಕು, ನಿಮ್ಮದನ್ನು ಕಳ್ಳ ಎಂದು ಹಿಡಿದುಕೊಡುತ್ತಿದೆ, ನಾವೇ ಬಿಡಿಸಿ ಬಿಡಿಸಿ ಇಡುತ್ತಿದ್ದೇವೆ.

ಆಯೇರಿ ಕೊಟ್ಟವರ ಮರ್ಯಾದೆ ಆ ಆಯೇರಿಯಲ್ಲೇ ಇರುತ್ತದೆ ಎಂದು ನಂಬಿದ ಮನುಷ್ಯ ಮುತ್ತಣ್ಣ. ಉಡಚಪ್ಪನ ಡಬ್ಬಿ ಹೇಳಿದ್ದೆಂದರೆ ಉಡಚಪ್ಪನೇ ಹೇಳಿದ್ದು.

"ಹಂಗಾರ ಬೀಗರು ನನ್ನ ಆಯೇರಿ ಕಳ್ಳ ಮಾಲು ಅಂತ ದಿನಾ ನಿಮ್ಮ ಮನ್ಯಾಗ ಕುಂತು ಹೇಳಾಕತ್ತಾರ. ನೀವು ಕೇಳಾಕತ್ತೀರಿ. ಭಾಳ ಚಲೋ ಆತು." ಮುತ್ತಣ್ಣ ಎದ್ದು ಟವೆಲ್ಲು ಜಾಡಿಸಿದ. "ನಿಶ್ಚಯಕ್ಕ ನನ್ನ ದಾರಿ ನೋಡಬ್ಯಾಡ್ರಿ."

ಶೇಂಗಾ ಚೀಲ ಮಾತ್ರ ಇಟ್ಟು ಹೋದ. ತಂಗಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ.

ಸೋದರಮಾವ ಬರದೆ ಆ ಮನೆತನದಲ್ಲಿ ನಿಶ್ಚಯವಾಗುವುದಿಲ್ಲ. ಹುಡುಗಿಯ ಕೈಹಿಡಿದು ತಂದು ಕೂಡಿಸುವವನು ಅವನೇ. ಬನಶ್ರೀ ಆ ದಿನ ಊಟ ಬಿಟ್ಟಳು. ನಿಜಲಿಂಗಪ್ಪನೂ ಬಿಡಬೇಕೆಂದಿದ್ದ, ಆದರೆ ಎಣಗಾಯಿ ಪಲ್ಯವಿತ್ತು.

ಉಂಡು ಎದ್ದವನಿಗೆ ಒಂದು ಉಪಾಯ ಹೊಳೆಯಿತು. ಜಾಕೀರನನ್ನು ಕರೆಸಿ, ಬೀಗರದ್ದನ್ನು ಸ್ವಲ್ಪ ದಿನ ಬಾಯಿ ಮುಚ್ಚಿಸಿಡು ಎಂದ. ಜಾಕೀರ ಹಸಿರು ಕಣ್ಣಿಗೆ ಹೇಳಿ ನೀಲಿ ಕೀಲಿಯನ್ನು ಹಿಡಿಸಿ, ಕಂಪ್ಯೂಟರಿನೊಳಗೇ ಇರುವ ಬಂದೀಖಾನೆಯಂಥ ಒಂದು ಜಾಗದಲ್ಲಿ ಕೂಡಿಹಾಕಿದ. ಅಲ್ಲಿಗೆ ಸುಮ್ಮನಾಯಿತು. ಈ ಶಾಂತಿ ಉಡಚಪ್ಪ ಬಾಗಿಲಿಗೆ ಬರುವವರೆಗೆ ಉಳಿಯಿತು.

ಉಡಚಪ್ಪ ನಿಶ್ಚಯದ ಮುಹೂರ್ತ ಹೇಳಲು ಬಂದಿದ್ದ. ಬೆಲ್ಲ ನೀರು ಕುಡಿದು, ತನ್ನ ನೀಲಿ ಕೀಲಿ ಯಾಕೆ ಕಾಣುವುದಿಲ್ಲ ಎಂದು ಕೇಳಿದ. ನಿಜಲಿಂಗಪ್ಪ ಸುಳ್ಳು ಹೇಳುವವನಲ್ಲ, ಹೇಳಲು ಬರುವುದೂ ಇಲ್ಲ. ಮಲಗಿದೆ ಎಂದ. ಉಡಚಪ್ಪ ಸ್ವತಃ ಅದರ ಮೇಲೆ ಇದರ ಮೇಲೆ ಒತ್ತಿ ನೋಡಿದ. ಕೊನೆಗೆ ಬಂದೀಖಾನೆ ತೆರೆಯಿತು. ಒಳಗೆ ಅವನ ಆಯೇರಿ.

ಮೊದಲು ಅವನು, ಚಹಾಕ್ಕೆಂದು ಬಂದು ಅಲ್ಲೇ ಕೂತಿದ್ದ ಜಾಕೀರನ ಮೇಲೆ ಹರಿಹಾಯ್ದ. ನನ್ನ ಡಬ್ಬಿಯನ್ನು ಹಿಡಿದು ಹಾಕಿದ್ದು ಒಂದು ಪುಕಟ ಮಾಲು ಎಂದ. ಜಾಕೀರ ಚಪ್ಪಲಿ ಮೆಟ್ಟಿ ಹೊರಟ. ಪುಕಟ ಎಂಬುದು ಖರೇ ಇತ್ತು, ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು. ಆ ಸಂಜೆಯಿಂದ ಅವನು ನಿಜಲಿಂಗಪ್ಪನ ಮನೆಯ ಚಹಾ ಬಿಟ್ಟ. ಆಮೇಲೆ ಉಡಚಪ್ಪ ನಿಜಲಿಂಗಪ್ಪನ ಕಡೆ ತಿರುಗಿ, ಬೀಗರ ಆಯೇರಿಯನ್ನು ಜೈಲಿಗೆ ಹಾಕಿದ ಮನೆಗೆ ಹೆಣ್ಣು ಕೇಳಲು ಬಂದದ್ದು ತನ್ನದೇ ತಪ್ಪು ಎಂದು ಹೇಳಿ, ಮುಹೂರ್ತದ ಚೀಟಿಯನ್ನು ಜೇಬಿಗೆ ಸೇರಿಸಿದ.

ನಿಜಲಿಂಗಪ್ಪ ಗಾಬರಿಯಾದ. ಶರತನಿಗೆ ಫೋನು ಮಾಡಿ ನೀಲಿ ಕೀಲಿಯನ್ನು ಬಿಡುಗಡೆ ಮಾಡಿಸಿದ. ಮೂವರೂ ಮತ್ತೆ ಸಾಲಾಗಿ ನಿಂತರು, ಗಿರಣಿ ಮತ್ತೆ ಶುರುವಾಯಿತು. ಈಗ ನೋಡಲು ಬರುವವರು ತಮ್ಮದನ್ನಷ್ಟೇ ನೋಡಬೇಕು, ಬೇರೆಯವರದು ಕಾಣಬಾರದು. ಇದಕ್ಕೆ ಅವನು ಕಂಡುಹಿಡಿದ ಉಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ನೀವು ನಂಬಬೇಕು. ವೀರವ್ವನ ಟಿಕಳಿ ಪಾಕೀಟು ತಂದು, ಪರದೆಯ ಮೂಲೆಯಲ್ಲಿದ್ದ ಗುರುತುಗಳ ಮೇಲೆ ಟಿಕಳಿ ಹಚ್ಚಿದ. ಅಬ್ಬಿಗೇರಿಯಿಂದ ಯಾರಾದರೂ ಬಂದರೆ ಕೆಂಪು ಢಾಲು ಬಿಟ್ಟು ಉಳಿದೆರಡರ ಮೇಲೆ ಟಿಕಳಿ. ನರೇಗಲ್ಲಿನವರು ಬಂದರೆ ಕಿತ್ತು ಆ ಕಡೆ ಈ ಕಡೆ ಹಚ್ಚುವುದು. ಹಣೆಗೆ ಹಚ್ಚುವ ಟಿಕಳಿ ಹೀಗೆ ಖರ್ಚಾಗುವುದನ್ನು ನೋಡಿ ವೀರವ್ವ ಗಂಡನ ಮುಖ ನೋಡಿ ಮತ್ತೆ ಲಾಳಿ ಎಸೆದಳು. ಅವಳು ಮಗ್ಗದಲ್ಲಿದ್ದಾಗ ಮಾತಾಡುವುದು ಕಡಿಮೆ.

ಆದರೆ ಯಾರೂ ಬರಲಿಲ್ಲ. ದೀಪಾವಳಿ ಬಂದು ಹೋಯಿತು. ಶರತನಿಗೂ ಅವನ ಅಪ್ಪ ಆ ಮನೆಯ ಕಡೆ ಹೋಗಕೂಡದೆಂದು ತಾಕೀತು ಮಾಡಿದ. ರವಿವಾರ ಬನಶ್ರೀ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು, ತಿರುಗುವ ಬಿಳಿ ಚಕ್ರವನ್ನು ನೋಡುತ್ತಿದ್ದಳು. ಪಕ್ಕದ ಕುರ್ಚಿಯ ಮೇಲೆ ನಿಜಲಿಂಗಪ್ಪ ನೂಲಿನ ಲಡಿ ಇಟ್ಟಿದ್ದ. ನನಗೆ ನಿಜವಾಗಿಯೂ ಕೆಟ್ಟೆನಿಸಿತು. ಅಷ್ಟು ದಿನ ಕಟ್ಟೆಯ ಮೇಲೆ ಕೂತು ನಕ್ಕವನು ನಾನು, ಆ ದಿನ ಎದ್ದು ಒಳಗೆ ಹೋದೆ.

ಕೊನೆಗೆ ಹೇಳಿ ಕಳಿಸಿದವಳು ವೀರವ್ವ. ನಿಶ್ಚಯವಾಗಲಿ ಬಿಡಲಿ, ಮಗಳ ನಿಶ್ಚಯಕ್ಕೆಂದು ಒಂದು ಮಗ್ಗಕ್ಕೆ ಸೀರೆಯ ಹಾಸು ಹಾಕಿಯಾಗಿದೆ. ಅದರ ಅಂಚನ್ನು ಬನಶ್ರೀಯೇ ಬರೆದಿದ್ದಾಳೆ, ಕಂಪ್ಯೂಟರಿನಲ್ಲಿದೆ. ಹಿರಿಯರು ನೋಡಿ ಹೂಂ ಅನ್ನದೆ ಲಾಳಿ ಎಸೆಯಲಾರೆ. ಇಷ್ಟೇ ಅವಳ ಮಾತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಕಳಿಸಿದಳು, ಬೇರೆಯವರೂ ಬರುತ್ತಾರೆಂದು ಯಾರಿಗೂ ಹೇಳಲಿಲ್ಲ. ಜಾಕೀರನಿಗೆ ಹೇಳಲು ಹೋದವನು ನಾನೇ. ವೈನಿ ಕರೆದರೆ ಬರದೆ ಹ್ಯಾಂಗ ಇರಲಿ ಎಂದು ಅವನು ಅಂಗಡಿಯ ಬಾಗಿಲು ಎಳೆದ.

ಹಾಗೆ ಮೂವರೂ ಒಂದೇ ಹೊತ್ತಿಗೆ ಆ ಮನೆಯ ಅಂಗಳದಲ್ಲಿ ಎದುರಾಬದುರಾದರು. ಉಡಚಪ್ಪನ ಹಿಂದೆ ಶರತನೂ ಇದ್ದ, ಜಾಕೀರನ ಹಿಂದೆ ನಾನೂ ಇದ್ದೆ. ತಿರುಗಿ ಹೋಗೋಣವೆಂದರೆ ವೀರವ್ವ ಆಗಲೇ ಕಾಲಿಗೆ ನೀರು ಕೊಟ್ಟಿದ್ದಳು. ಒಳಗೆ ಬಂದು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಮೂರು ದಿಕ್ಕಿಗೆ ಕೂತರು. ವೀರವ್ವ ಹೋಗಿ ಇನ್ನೊಂದು ಮಗ್ಗದಲ್ಲಿ ಕೂತು ಯಾವುದೋ ಬೇರೆ ಸೀರೆ ನೇಯತೊಡಗಿದಳು.

ಮೂವರೂ ಒಮ್ಮೆಗೇ ಬಂದದ್ದರಿಂದ ನಿಜಲಿಂಗಪ್ಪನ ಟಿಕಳಿಯ ಲೆಕ್ಕ ತಪ್ಪಿತು. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಮೂರರ ಮೇಲೂ ಹಚ್ಚಿಬಿಟ್ಟ. ಮೂವರೂ ಬಗ್ಗಿ ನೋಡಿದರು. ತಮ್ಮದು ಯಾರಿಗೂ ಕಾಣಲಿಲ್ಲ.

"ಇಲ್ಲೇ ಅದಾವ್ರಿ" ಎಂದು ನಿಜಲಿಂಗಪ್ಪ ಬೆವರು ಒರೆಸಿಕೊಂಡ. "ದೃಷ್ಟಿ ಆಗಬಾರದು ಅಂತ ಹಚ್ಚೀನಿ."

ಬನಶ್ರೀ ಅಂಚಿನ ಚಿತ್ರ ತೆರೆಯಲು ಒತ್ತಿದಳು. ಚಕ್ರ ತಿರುಗಿತು. ಫ್ಯಾನು ಏರುದನಿ ತೆಗೆಯಿತು. ಚಿತ್ರದ ಮೇಲಿನ ತುದಿ ಒಂದಿಷ್ಟು ಕಂಡಿತು, ಕೆಂಪು ಬಣ್ಣದ ಒಂದು ಎಳೆ. ಅಷ್ಟರಲ್ಲಿ ಧುತ್ತೆಂದು ಒಂದು ಪಾಟಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮೂವರು ಕಾವಲುಗಾರರೂ ಒಂದೇ ಸಲ ಒಬ್ಬರನ್ನೊಬ್ಬರು ಕಳ್ಳರೆಂದು ಕೂಗುತ್ತಿದ್ದರು. ಅಷ್ಟು ದೊಡ್ಡ ಪಾಟಿ ಮುಚ್ಚುವ ಟಿಕಳಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಿಜಲಿಂಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಪರದೆಗೇ ಹೊದಿಸಿದ. ಟವೆಲ್ಲಿನ ಒಳಗಿಂದ ಟುಂಯ್ ಟುಂಯ್ ಎಂದು ಸಪ್ಪಳ ಬರುತ್ತಲೇ ಇತ್ತು, ಆಮೇಲೆ ಅದೂ ನಿಂತಿತು. ಟವೆಲ್ಲು ತೆಗೆದು ನೋಡಿದರೆ ಪರದೆ ಕಪ್ಪಗಾಗಿತ್ತು.

"ನೋಡ್ರಿ, ಎಲ್ಲಾರ ಮುಂದ ಮತ್ತ ಕಳ್ಳ ಅಂದ್ರು" ಎಂದ ಮುತ್ತಣ್ಣ. ಅವನು ಹೇಳಿದ್ದು ಉಡಚಪ್ಪನಿಗೆ, ನೋಡಿದ್ದು ಗೋಡೆಯನ್ನು.

ನಿಮ್ಮದು ನಮ್ಮನ್ನೇನು ಹೊಗಳಿತೇ ಎಂದು ಉಡಚಪ್ಪ ಕೇಳಿದ. ಜಾಕೀರ, ಪುಕಟದ್ದು ಯಾರಿಗೂ ಮೊದಲು ಕೈ ಮಾಡಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮಾತಿಗೆ ಮಾತು ಬೆಳೆದು, ಉಡಚಪ್ಪ ಎದ್ದು ನಿಂತು ಮಗನ ತೋಳು ಹಿಡಿದ.

"ನಡಿ ಶರತ. ಈ ಬೀಗತನ ಇಲ್ಲಿಗೆ ಸಾಕು."

ಶರತ ಏಳಲಿಲ್ಲ, ಕೂತೂ ಇರಲಿಲ್ಲ, ನಡುವೆ ಎಲ್ಲೋ ಇದ್ದ. ಬನಶ್ರೀ ಕಪ್ಪು ಪರದೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಆಗ ಮಗ್ಗದ ಸಪ್ಪಳ ನಿಂತಿತು. ವೀರವ್ವ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದು ಅಣ್ಣನ ಮುಂದೆ ನಿಂತಳು.

"ಅಣ್ಣಾ, ನನ್ನ ಲಗ್ನದಾಗ ಆಯೇರಿ ಸೀರಿ ಎಷ್ಟು ಬಂದಿದ್ದು, ನೆನಪೈತೇನು?"

"ರಗಡ ಬಂದಿದ್ದು" ಎಂದ ಮುತ್ತಣ್ಣ. "ಯಾಕ?"

"ಎಲ್ಲಾ ಒಮ್ಮೆ ಉಟ್ಕೊಂಡು ಕುಂತಿದ್ನೇನು?"

ಉಡಚಪ್ಪ ಮಗನ ತೋಳು ಬಿಟ್ಟ.

"ಉಟ್ಟಿದ್ರ ಕುಂತಲ್ಲೆಂದ ಏಳಾಕ ಬರ್ತಿರಲಿಲ್ಲ. ಈ ಪೆಟಗಿಗೆ ನೀವು ಮೂರು ಸೀರಿ ಒಮ್ಮೆ ಉಡಿಸಿ, ನಡಿ ಅಂತ ಬಡ್ಯಾಕತ್ತೀರಿ. ಒಂದು ಸೀರಿ ಬಣ್ಣಾ ಬಿಟ್ಟು ಇನ್ನೊಂದಕ್ಕ ಹತ್ತಿದ್ರ, ಕೊಟ್ಟವರು ಬಂದು ಹಚ್ಚಿದ್ರು ಅಂತೀರೇನು?" ಅವಳ ದನಿ ಏರಲಿಲ್ಲ. "ಲಗ್ನದಾಗ ಮೊದಲ ಉಡೂದು ಯಾರ ಸೀರಿ? ನೀವ ಹೇಳ್ರಿ ಬೀಗರ."

"ಸೋದರಮಾವಂದು" ಎಂದ ಉಡಚಪ್ಪ. ಇದಕ್ಕೆ ಬೇರೆ ಉತ್ತರವೇ ಇಲ್ಲ, ಅದು ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು.

"ಆಮ್ಯಾಲ?"

"ಬೀಗರದು" ಎಂದ ಮುತ್ತಣ್ಣ. ಹೇಳುವಾಗ ಅವನ ಮೀಸೆ ಸ್ವಲ್ಪ ಕೆಳಗಿಳಿದಿತ್ತು.

ವೀರವ್ವ ಜಾಕೀರನ ಕಡೆ ನೋಡಿದಳು. ಅವನು ಅವಳಿಗೆ ಕೇಳುವ ತ್ರಾಸು ಕೊಡಲಿಲ್ಲ. "ಗೆಳ್ಯಾರದು ಹಿಂದಿಂದ ವೈನಿ. ಎಲ್ಲಾರದೂ ಹರದ ಮ್ಯಾಲೆ ನಂದು ಉಡ್ರಿ, ನಂದೇನು ಹಳೇದಾಗೂದಿಲ್ಲ."

ಹೀಗೆ ತೀರ್ಮಾನವಾಯಿತು. ಈ ವರ್ಷ ಮುತ್ತಣ್ಣನದು, ಬರುವ ವರ್ಷ ಉಡಚಪ್ಪನದು, ಅದರಾಚೆಗೆ ಜಾಕೀರನದು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಶರತ ಕೂತು ಕಂಪ್ಯೂಟರ್ ಎಬ್ಬಿಸಿ, ನೀಲಿ ಕೀಲಿಯನ್ನೂ ಹಸಿರು ಕಣ್ಣನ್ನೂ ತೆಗೆದ. ಅದಕ್ಕೆ ಒಂದು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ರವಿವಾರ ಹಿಡಿಯಿತೇ ಎಂದು ನಾನು ಕೇಳಬೇಕೆಂದಿದ್ದೆ. ವೀರವ್ವ ನನ್ನ ಕಡೆ ನೋಡಿದಳು, ಸುಮ್ಮನಾದೆ.

ನಿಜಲಿಂಗಪ್ಪ ಟಿಕಳಿಗಳನ್ನು ಕಿತ್ತ. ಗಿರಣಿಯ ಸಪ್ಪಳ ನಿಂತಿತು. ಬನಶ್ರೀ ಒತ್ತಿದೊಡನೆ ಅಂಚು ಪರದೆಯ ತುಂಬ ತೆರೆದುಕೊಂಡಿತು. ಹಳದಿಯ ನಡುವೆ ಕೆಂಪು ಪಟ್ಟಿ, ಅದರೊಳಗೆ ಸಣ್ಣ ಸಣ್ಣ ತೆನೆ. ಎಲ್ಲರೂ ನೋಡಿದರು. ಮುತ್ತಣ್ಣ ತೆನೆಗಳನ್ನು ಕಂಡು ಇದು ನಮ್ಮ ಅಬ್ಬಿಗೇರಿ ಜೋಳ ಎಂದ. ನರೇಗಲ್ ಸಂತೆಗೆ ಬರುವುದೂ ಇದೇ ಜೋಳ ಎಂದ ಉಡಚಪ್ಪ. ಪರದೇಶದವರು ಇದನ್ನು ಕದಿಯಲು ನೋಡಿದ್ದು ಸುಳ್ಳಲ್ಲ ಎಂದ ಜಾಕೀರ. ಬನಶ್ರೀ ತಲೆ ತಗ್ಗಿಸಿ ನಕ್ಕಳು. ವೀರವ್ವ ಮಗ್ಗಕ್ಕೆ ಹೋಗಿ, ಹಾಸು ಹಾಕಿಟ್ಟ ಸೀರೆಯ ಮೇಲಿನ ಬಟ್ಟೆ ಸರಿಸಿದಳು.

ನಿಶ್ಚಯ ಚೆಂದವಾಗಿ ನಡೆಯಿತು. ಮುತ್ತಣ್ಣ ಸೋದರಸೊಸೆಯ ಕೈಹಿಡಿದು ತಂದು ಕೂಡಿಸಿದ, ಎಲೆ ಅಡಿಕೆ ಕೈ ಬದಲಾದವು, ಜಾಕೀರ ಮೊದಲ ಪಂಕ್ತಿಗೆ ಬಡಿಸಿದ. ಲಗ್ನ ಉಗಾದಿ ಕಳೆದ ಮೇಲೆ ಎಂದಾಯಿತು. ಕಂಪ್ಯೂಟರ್ ಕೆಂಪು ಢಾಲಿನ ಒಂದೇ ಕಾವಲಿನಲ್ಲಿ ಸುಖವಾಗಿತ್ತು. ಒತ್ತಿದರೆ ತೆರೆಯುತ್ತಿತ್ತು, ಮುಚ್ಚಿದರೆ ಮುಚ್ಚುತ್ತಿತ್ತು. ನಿಜಲಿಂಗಪ್ಪ ಮಾತ್ರ, ಈಗ ಅದು ಮೊದಲಿನಷ್ಟು ಸಪ್ಪಳ ಮಾಡುವುದಿಲ್ಲ ಎಂದು ಸ್ವಲ್ಪ ಬೇಜಾರಿನಲ್ಲಿದ್ದ.

ತೊಂದರೆ ಬೇರೆಯೇ ಇತ್ತು. ನಿಶ್ಚಯವಾದ ಮೇಲೆ ಲಗ್ನದವರೆಗೆ ಹುಡುಗ ಕಾರಣವಿಲ್ಲದೆ ಹುಡುಗಿಯ ಮನೆಗೆ ಬರುವುದು ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ. ಮೊದಲು ಶರತನಿಗೆ ಒಳ್ಳೆಯ ಕಾರಣವೊಂದಿತ್ತು, ಅದನ್ನು ಅವನೇ ತನ್ನ ಕೈಯಾರೆ ರಿಪೇರಿ ಮಾಡಿಬಿಟ್ಟಿದ್ದ. ರವಿವಾರಗಳು ಸುಮ್ಮನೆ ಬಂದು ಹೋಗತೊಡಗಿದವು. ಪಕ್ಕದ ಕುರ್ಚಿಯ ಮೇಲೆ ಮತ್ತೆ ನೂಲಿನ ಲಡಿ ಬಂದು ಕೂತಿತು.

ಸಂಕ್ರಾಂತಿ ಮುಗಿದು ಒಂದು ಶನಿವಾರ ಬೆಳಿಗ್ಗೆ ನಿಜಲಿಂಗಪ್ಪ ಓಡುತ್ತ ನನ್ನ ಕಟ್ಟೆಗೆ ಬಂದ. ಗಿರಣಿ ಮತ್ತೆ ಶುರುವಾಗಿತ್ತು. ಹೋಗಿ ನೋಡಿದೆ. ಬಿಳಿ ಚಕ್ರ ತಿರುಗುತ್ತಿತ್ತು, ಫ್ಯಾನು ಹಳೆಯ ರಾಗ ತೆಗೆದಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಢಾಲು, ಅದರ ಪಕ್ಕದಲ್ಲಿ ಒಂದು ಟಿಕಳಿ.

"ಅವತ್ತ ಹಚ್ಚಿದ್ದು ಒಂದು ಇಲ್ಲೇ ಉಳಕೊಂಡೈತಿ ನೋಡ್ರಿ" ಎಂದು ನಿಜಲಿಂಗಪ್ಪ ಅದನ್ನು ಉಗುರಿನಿಂದ ಕಿತ್ತ. ಅದರ ಕೆಳಗೆ ನೀಲಿ ಕೀಲಿ ಕೂತಿತ್ತು. ಅವನ ಬಾಯಿ ತೆರೆದೇ ಉಳಿಯಿತು. "ಮಾಸ್ತರು ತಗದ್ದು ತಾನ ಹೊಳ್ಳಿ ಬಂದೈತಿ. ಬೀಗರ ಮಾಲು, ಬಿಟ್ಟು ಹೋಗಾಕ ಮನಸ್ಸಿಲ್ಲ ನೋಡ್ರಿ ಅದಕ್ಕ."

ಅವನ ಬೆರಳ ತುದಿಯಲ್ಲಿದ್ದ ಟಿಕಳಿಯನ್ನು ನಾನು ನೋಡಿದೆ. ವೀರವ್ವ ಹಚ್ಚುವುದು ಕಾಸಿನಗಲದ ಕೆಂಪು ಟಿಕಳಿ, ಅವನು ಹಿಂದೆ ಖರ್ಚು ಮಾಡಿದ್ದೂ ಅದನ್ನೇ. ಇದು ಸಣ್ಣದು, ಕಪ್ಪನೆಯದು, ಅಂಟು ಇನ್ನೂ ಹೊಸದಾಗಿತ್ತು. ಬಾಗಿಲ ಬಳಿ ಲಡಿ ಬಿಡಿಸುತ್ತ ಕೂತಿದ್ದ ಬನಶ್ರೀಯ ಹಣೆಯ ಮೇಲೆ ಅಂಥದೇ ಇನ್ನೊಂದಿತ್ತು. ಅವಳು ನೂಲಿನಿಂದ ತಲೆ ಎತ್ತಲಿಲ್ಲ.

ನಿಜಲಿಂಗಪ್ಪ ನರೇಗಲ್ಲಿಗೆ ಫೋನು ಹಚ್ಚಿದ. ಆ ಕಡೆಯಿಂದ ಶರತ, ನಾಳೆ ಮೊದಲನೇ ಬಸ್ಸಿಗೇ ಬರುತ್ತೇನೆಂದ. ಏನು ಕೆಟ್ಟಿದೆ ಎಂದು ನಿಜಲಿಂಗಪ್ಪ ಇನ್ನೂ ಹೇಳಿರಲಿಲ್ಲ. "ಎಂಥಾ ಹುಡುಗ ನೋಡ್ರಿ, ಕೇಳೂ ಮೊದಲ ತಿಳಕೊಂಡ" ಎಂದು ಅವನು ಫೋನು ಇಟ್ಟು, ಅಳಿಯನ ಬುದ್ಧಿವಂತಿಕೆಯನ್ನು ಹೇಳಲು ಚಹಾದಂಗಡಿಗೆ ಹೊರಟ.

ಒಳಗೆ ಮಗ್ಗದ ಸಪ್ಪಳ ನಿಂತಿತು. ವೀರವ್ವ ಎದ್ದು ಬಂದು ಕುರ್ಚಿಯ ಮೇಲಿನ ಲಡಿಯನ್ನು ತೆಗೆದು ಗೂಟಕ್ಕೆ ಹಾಕಿದಳು. ಆಮೇಲೆ ನಾಳೆಯ ಪಲ್ಯಕ್ಕೆ ಬದನೆಕಾಯಿ ತರಲು ಸಂತೆಯ ಚೀಲ ಹುಡುಕಿದಳು.